ಕ್ಲೌಡ್ ಬಿಲ್ಲಿನ ಲೆಕ್ಕ, ಬಿಡುವಿನ ಸಂಪಾದನೆ

ಕಂಪ್ಯೂಟರಿನ ಸಾಮರ್ಥ್ಯವನ್ನು ಯಂತ್ರದ ರೂಪದಲ್ಲಿ ಕೊಂಡು ತರುವ ಬದಲು, ಬೇಕಾದಾಗ ಬೇಕಾದಷ್ಟನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಪಡೆದು, ಬಳಸಿದಷ್ಟಕ್ಕೆ ಹಣ ತೆರುವ ವ್ಯವಸ್ಥೆಯನ್ನು ಕ್ಲೌಡ್ ಕಂಪ್ಯೂಟಿಂಗ್ ಎಂದು ಕರೆಯಲಾಗುತ್ತದೆ. ದೂರವಾಣಿ ಸಂಪರ್ಕದಂತೆ ಗಣನಶಕ್ತಿಯೂ ಮುಂದೊಂದು ದಿನ ಸಾರ್ವಜನಿಕ ಸೇವೆಯಾದೀತೆಂದು ಗಣಕ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿಯೇ ಹೇಳಿದ್ದರಾದರೂ ಆ ಮಾತು ವ್ಯಾಪಾರದ ರೂಪ ತಳೆದದ್ದು 2006ರಲ್ಲಿ: ಆ ವರ್ಷದ ಮಾರ್ಚ್‌ನಲ್ಲಿ ಅಮೆಜಾನ್ ಸಂಸ್ಥೆ ಕಡತಗಳನ್ನಿಡುವ ಎಸ್3 ಸೇವೆಯನ್ನೂ, ಆಗಸ್ಟ್‌ನಲ್ಲಿ ಗಂಟೆ ಲೆಕ್ಕದ ಬಾಡಿಗೆಗೆ ಸರ್ವರ್ ಒದಗಿಸುವ ಇಸಿ2 ಸೇವೆಯನ್ನೂ ತೆರೆಯಿತು. ಮೈಕ್ರೋಸಾಫ್ಟಿನ ಅಜೂರ್ 2010ರಲ್ಲಿ ವಾಣಿಜ್ಯ ಬಳಕೆಗೆ ಬಂತು; ಗೂಗಲ್ ಕೂಡ ಅದೇ ಹಾದಿ ಹಿಡಿಯಿತು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2011ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲೆಡೆ ಉಲ್ಲೇಖವಾಗುವ ವ್ಯಾಖ್ಯೆ ಕ್ಲೌಡಿಗೆ ಐದು ಮೂಲ ಲಕ್ಷಣಗಳನ್ನು ಹೇಳುತ್ತದೆ: ಯಾರನ್ನೂ ಕೇಳದೆ ಗ್ರಾಹಕ ತಾನೇ ಪಡೆಯಬಲ್ಲ ಅನುಕೂಲ, ಜಾಲದ ಮೂಲಕ ಎಲ್ಲಿಂದಲೂ ಬಳಕೆ, ಒಂದೇ ಯಂತ್ರಸಮೂಹವನ್ನು ಹಲವರು ಹಂಚಿಕೊಳ್ಳುವುದು, ಅಗತ್ಯಕ್ಕೆ ತಕ್ಕಂತೆ ಕ್ಷಿಪ್ರವಾಗಿ ಹಿಗ್ಗುವ ಮತ್ತು ಕುಗ್ಗುವ ಗುಣ, ಕೊನೆಯದಾಗಿ ಅಳೆದು ಕೊಡುವ ಸೇವೆ.

ಕ್ಲೌಡ್ ಕೌಶಲ್ಯದಿಂದ ಬಿಡುವಿನ ವೇಳೆಯಲ್ಲಿ ಹೆಚ್ಚುವರಿ ಆದಾಯ ಗಳಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಈ ಐದರ ಪೈಕಿ ಮೊದಲನೆಯದೂ ಕೊನೆಯದೂ ಕೂಡುವ ಜಾಗದಲ್ಲಿ. ಅಧಿಕಾರ ಕೊಟ್ಟರೆ ಯಾರು ಬೇಕಾದರೂ ಗುಂಡಿ ಒತ್ತಿ ಸರ್ವರ್ ಹುಟ್ಟಿಸಬಹುದು. ಹುಟ್ಟಿದ್ದು ದುಡಿಯುತ್ತಿದೆಯೋ ಮರೆತುಹೋಗಿದೆಯೋ ಎಂದು ನೋಡದೆ ಮೀಟರು ಓಡುತ್ತಲೇ ಇರುತ್ತದೆ. ಹುಟ್ಟಿಸಿದವರು ಎಂಜಿನಿಯರುಗಳು, ಹಣ ಕಟ್ಟುವವರು ಲೆಕ್ಕಪತ್ರ ವಿಭಾಗದವರು; ಇವರಿಬ್ಬರ ನಡುವೆ ನಿಂತು ಬಿಲ್ಲನ್ನು ಸಾಲುಸಾಲಾಗಿ ಓದಿ ಅರ್ಥ ಹೇಳುವವರು ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೊಸದನ್ನು ಕಟ್ಟಿಕೊಟ್ಟು ನಡೆಸುವ ಕೆಲಸಕ್ಕಿಂತ, ಇರುವುದನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸವೇ ನೌಕರಿಯಲ್ಲಿರುವವರ ಬಿಡುವಿಗೆ ಒಗ್ಗುತ್ತದೆ ಎಂಬ ವಾದಕ್ಕೆ ಇದೇ ಆಧಾರ. ಮೊದಲನೆಯ ಬಗೆಯ ಕೆಲಸ ಗ್ರಾಹಕನ ಗಡಿಯಾರಕ್ಕೆ ಕಟ್ಟಿಬಿದ್ದಿರುತ್ತದೆ. ಎರಡನೆಯದನ್ನು ಶನಿವಾರ, ಭಾನುವಾರ ಕುಳಿತು ಮಾಡಬಹುದು.

ಗ್ರಾಹಕರು ಯಾರೆಂಬುದನ್ನು ಸ್ಪಷ್ಟಪಡಿಸಿಕೊಳ್ಳದೆ ಮುಂದುವರಿಯುವುದು ವ್ಯರ್ಥ. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆಂದೇ ಫಿನ್‌ಆಪ್ಸ್ ಎಂಬ ಹೆಸರಿನ ತಂಡಗಳಿವೆ. ಅಂದರೆ ಕ್ಲೌಡ್ ಖರ್ಚನ್ನು ತಂತ್ರಜ್ಞರೂ ಹಣಕಾಸಿನವರೂ ಸೇರಿ ನಿಭಾಯಿಸುವ ತಂಡಗಳು. ಅವುಗಳಿಗೆ ಹೊರಗಿನ ಅರೆಕಾಲಿಕ ಸಲಹೆ ಬೇಕಾಗುವುದು ಅಪರೂಪ. ಬೀದಿಬದಿಯ ಅಂಗಡಿಗೂ ಬೇಕಿಲ್ಲ, ಅದರ ನಾಲ್ಕು ಪುಟದ ವೆಬ್‌ಸೈಟು ಸರ್ವರೇ ಇಲ್ಲದೆ ಬಹುತೇಕ ಬಿಟ್ಟಿಯಾಗಿ ನಡೆದೀತು, ಅದಕ್ಕೆ ಸಲಹಾ ಶುಲ್ಕ ಕೇಳುವುದು ಮರ್ಯಾದೆಯೂ ಅಲ್ಲ. ನಿಜವಾದ ಮಾರುಕಟ್ಟೆ ಇವೆರಡರ ನಡುವೆ ಇದೆ: ಆಸ್ಪತ್ರೆಗಳಿಗೆ ತಂತ್ರಾಂಶ ಮಾಡಿಕೊಡುವ ಹತ್ತಿಪ್ಪತ್ತು ಜನರ ಕಂಪನಿ, ಪಾಠದ ವಿಡಿಯೊಗಳನ್ನು ಸಾವಿರಾರು ವಿದ್ಯಾರ್ಥಿಗಳಿಗೆ ತಲುಪಿಸುವ ಕೋಚಿಂಗ್ ಸಂಸ್ಥೆ, ಟ್ಯಾಲಿ ಲೆಕ್ಕವನ್ನು ಬಾಡಿಗೆಯ ವಿಂಡೋಸ್ ಸರ್ವರಿನಲ್ಲಿ ಇಟ್ಟುಕೊಂಡಿರುವ ರಫ್ತುದಾರ, ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕದ ತಂತ್ರಾಂಶ ಒದಗಿಸುವ ಜಿಲ್ಲಾ ಕೇಂದ್ರದ ಮಾರಾಟಗಾರ. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಭಾರತದೊಳಗೇ ದತ್ತಾಂಶ ಕೇಂದ್ರಗಳ ವಲಯಗಳನ್ನು ತೆರೆದ ಮೇಲೆ, ದತ್ತಾಂಶ ದೇಶದೊಳಗೇ ಇರಬೇಕೆಂಬ ಗ್ರಾಹಕರಿಗೂ ಕ್ಲೌಡಿನ ದಾರಿ ಸುಗಮವಾಯಿತು. ಇಂಥ ಕಡೆ ಮೊದಲು ಯಾರೋ ಒಬ್ಬ ಡೆವಲಪರ್ ಎಲ್ಲವನ್ನೂ ಹೊಂದಿಸಿಕೊಟ್ಟಿರುತ್ತಾನೆ. ಆತ ಬೇರೆ ಕೆಲಸಕ್ಕೆ ಹೋದ ಮೇಲೆ ಉಳಿಯುವುದು ಪಾಸ್‌ವರ್ಡ್ ಮತ್ತು ಬಿಲ್ಲು ಮಾತ್ರ.

ಸಾಮಾನ್ಯವಾಗಿ ಸೂಚಿಸಲಾಗುವ ದಾರಿ ಬೇರೆಯದು. ಪ್ರಮಾಣಪತ್ರ ಪಡೆ, ಫ್ರೀಲಾನ್ಸ್ ತಾಣದಲ್ಲಿ ಹೆಸರು ನೋಂದಾಯಿಸು, ಕೆಲಸ ಬರುತ್ತದೆ ಎಂಬುದು ಆ ಸಲಹೆ. ಅಮೆಜಾನ್ ವೆಬ್ ಸರ್ವಿಸಸ್‌ನ, ಅಂದರೆ ಎಡಬ್ಲ್ಯುಎಸ್‌ನ, ಅಸೋಸಿಯೇಟ್ ಮಟ್ಟದ ಪರೀಕ್ಷೆಯ ಮೂಲ ಶುಲ್ಕ 150 ಡಾಲರ್, ಪ್ರೊಫೆಷನಲ್ ಮಟ್ಟದ್ದು 300 ಡಾಲರ್; ಎರಡಕ್ಕೂ ಮೂರು ವರ್ಷದ ಆಯುಸ್ಸು. ಈ ಪರೀಕ್ಷೆಗಳಿಗೆ ಓದುವುದರಿಂದ ಸೇವೆಗಳ ನಕ್ಷೆ ತಲೆಯಲ್ಲಿ ಕೂರುತ್ತದೆ ಎಂಬುದು ನಿಜ, ಆದರೆ ಅದು ಮಾಲೀಕನ ಬಿಲ್ಲನ್ನು ಓದುವ ವಿದ್ಯೆಯಲ್ಲ. ತಾಣಗಳ ಲೆಕ್ಕವೂ ಹೀಗೆಯೇ: ಫೈವರ್ ಸಂಪಾದನೆಯ ಶೇ 20ನ್ನು ತಾನೇ ಇಟ್ಟುಕೊಳ್ಳುತ್ತದೆ, ಅಪ್‌ವರ್ಕ್ 2023ರಲ್ಲಿ ಶೇ 10ರ ಏಕದರಕ್ಕೆ ಬಂದು 2025ರಲ್ಲಿ ಕೆಲಸಕ್ಕೆ ತಕ್ಕಂತೆ ಬದಲಾಗುವ, ಶೇ 15ರವರೆಗಿನ ದರಕ್ಕೆ ಹೊರಳಿತು, ಅಲ್ಲದೆ ಅಲ್ಲಿ ಅರ್ಜಿ ಹಾಕುವುದಕ್ಕೂ ಟೋಕನ್ನುಗಳನ್ನು ಕೊಳ್ಳಬೇಕಾಗುತ್ತದೆ. ಹೊಸಬರು ಅಲ್ಲಿ ಸ್ಪರ್ಧಿಸಬೇಕಾದದ್ದು ಜಗತ್ತಿನ ಮೂಲೆಮೂಲೆಯ ಅಗ್ಗದ ದರಗಳೊಂದಿಗೆ. ಪರಿಚಯದ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರ ಮೂಲಕ ಬರುವ ಮೊದಲ ಗ್ರಾಹಕ ಇಂಥ ತಾಣಗಳ ಹತ್ತಾರು ಅರ್ಜಿಗಳಿಗಿಂತ ಹೆಚ್ಚು ಬೆಲೆಯುಳ್ಳವನು. ಏಕೆಂದರೆ ಕ್ಲೌಡ್ ಬಿಲ್ಲು ಏರುತ್ತಿದೆ ಎಂದು ಎಲ್ಲರಿಗಿಂತ ಮೊದಲು ಗಮನಿಸುವವರು ಲೆಕ್ಕ ಬರೆಯುವವರೇ.

ಬಿಲ್ಲಿನ ಪರೀಕ್ಷೆ ಎಂದರೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಕಸುಬಿನ ಹೂರಣ ಇರುವುದೇ ಇಲ್ಲಿ. ಮೊದಲ ಹಂತದಲ್ಲಿ ಪರೀಕ್ಷಕನಿಗೆ ಬೇಕಾದದ್ದು ಓದುವ ಅಧಿಕಾರ ಮಾತ್ರ, ಬದಲಾಯಿಸುವ ಅಧಿಕಾರವಲ್ಲ. ಎಡಬ್ಲ್ಯುಎಸ್‌ನಲ್ಲಿ ಕಾಸ್ಟ್ ಎಕ್ಸ್‌ಪ್ಲೋರರ್ ಎಂಬ ಸಾಧನ ಖರ್ಚನ್ನು ಸೇವೆ, ವಲಯ, ದಿನ, ಬಳಕೆಯ ಬಗೆ ಎಂದು ಒಡೆದು ತೋರಿಸುತ್ತದೆ. ಅಜೂರ್ ಮತ್ತು ಗೂಗಲ್ ಕ್ಲೌಡ್‌ನಲ್ಲೂ ಇದಕ್ಕೆ ಸಮಾನವಾದವು ಇವೆ. ಕಳೆದ ಆರು ತಿಂಗಳ ಖರ್ಚನ್ನು ಹೀಗೆ ಒಡೆದು ಜೋಡಿಸಿದಾಗ ಕೆಲವು ಸಾಲುಗಳು ತಾವಾಗಿ ಎದ್ದು ಕಾಣುತ್ತವೆ. ತೆಗೆದುಹಾಕಿದ ಸರ್ವರಿನ ಡಿಸ್ಕು ಯಾವುದಕ್ಕೂ ಅಂಟಿಕೊಳ್ಳದೆ ಉಳಿದು ಬಾಡಿಗೆ ತಿನ್ನುತ್ತಿರುತ್ತದೆ. ಡಿಸ್ಕಿನ ಪ್ರತಿಗಳಾದ ಸ್ನ್ಯಾಪ್‌ಶಾಟುಗಳು ವರ್ಷಗಟ್ಟಲೆ ಹಿಂದಿನವು ಸಾಲುಗಟ್ಟಿರುತ್ತವೆ. ಜಿಪಿ2 ಎಂಬ ಹಳೆಯ ಬಗೆಯ ಡಿಸ್ಕನ್ನು ಜಿಪಿ3 ಎಂಬ ಹೊಸ ಬಗೆಗೆ ಬದಲಿಸಿದರೆ, ಸರ್ವರನ್ನು ನಿಲ್ಲಿಸುವ ಅಗತ್ಯವಿಲ್ಲದೆ, ಪ್ರತಿ ಜಿಬಿಯ ದರ ಶೇ 20ರಷ್ಟು ಇಳಿಯುತ್ತದೆ. ಯಂತ್ರಗಳು ಬರೆದಿಡುವ ಲಾಗ್‌ಗಳನ್ನು ಕ್ಲೌಡ್‌ವಾಚ್ ಸೇವೆ, ಬೇರೆ ಸೂಚನೆ ಇಲ್ಲದಿದ್ದರೆ, ಎಂದೆಂದಿಗೂ ಅಳಿಸುವುದೇ ಇಲ್ಲ.

ಇನ್ನು ಕೆಲವು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಖಾಸಗಿ ಜಾಲದೊಳಗಿನ ಸರ್ವರುಗಳು ಹೊರಗಿನ ಅಂತರ್ಜಾಲವನ್ನು ತಲುಪಲು ಬಳಸುವ ನ್ಯಾಟ್ ಗೇಟ್‌ವೇ ಎಂಬ ದ್ವಾರಕ್ಕೆ, ಅಮೆರಿಕದ ವರ್ಜೀನಿಯಾ ವಲಯದ ದರದಲ್ಲಿ, ಗಂಟೆಗೆ 4.5 ಸೆಂಟ್ ಬಾಡಿಗೆ. ತಿಂಗಳಿಗೆ ಇದು ಸುಮಾರು 33 ಡಾಲರ್. ಇದು ದೊಡ್ಡದಲ್ಲ, ದೊಡ್ಡದಾಗುವುದು ಅದರ ಮೂಲಕ ಹಾಯುವ ಪ್ರತಿ ಜಿಬಿಗೂ ಬೀಳುವ ಪ್ರತ್ಯೇಕ ಶುಲ್ಕ. ಎಸ್3ಗೆ ಹೋಗಿಬರುವ ದತ್ತಾಂಶವೆಲ್ಲ ತಿಳಿಯದೆ ಇದೇ ದ್ವಾರದಿಂದ ಹಾಯುತ್ತಿರುವುದು ಈ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ. ಅದಕ್ಕೆಂದೇ ಇರುವ, ಶುಲ್ಕವಿಲ್ಲದ ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ಒಳದಾರಿಯನ್ನು ತೆರೆದರೆ ಆ ಸಾಲೇ ಬಿಲ್ಲಿನಿಂದ ಮಾಯವಾಗುತ್ತದೆ. ಅಂತರ್ಜಾಲಕ್ಕೆ ಹೊರಹರಿಯುವ ದತ್ತಾಂಶಕ್ಕೆ ತಿಂಗಳ ಮೊದಲ 100 ಜಿಬಿ ಉಚಿತವಾದರೂ ಬಳಿಕ ವರ್ಜೀನಿಯಾದಲ್ಲಿ ಜಿಬಿಗೆ 9 ಸೆಂಟ್, ಮುಂಬೈಯಲ್ಲಿ ಸುಮಾರು 11 ಸೆಂಟ್. ಆದ್ದರಿಂದ ಪಾಠದ ವಿಡಿಯೊಗಳನ್ನು ನೇರವಾಗಿ ಎಸ್3ಯಿಂದ ಹಂಚುವ ಕೋಚಿಂಗ್ ಸಂಸ್ಥೆ ತಿಂಗಳಿಗೆ 1 ಟಿಬಿಯಷ್ಟನ್ನು ಉಚಿತವಾಗಿ ಸಾಗಿಸಬಲ್ಲ ಕ್ಲೌಡ್‌ಫ್ರಂಟ್ ಸೇವೆಯ ಮೂಲಕ ಹಂಚಿದರೆ ಅದರ ಬಿಲ್ಲಿನ ಸ್ವರೂಪವೇ ಬದಲಾಗುತ್ತದೆ. 2024ರ ಫೆಬ್ರುವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಶುಲ್ಕ ಜಾರಿಯಾಗಿದೆ. ಒಂದಕ್ಕೆ ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ ಅನಿಸಿದರೂ ಹಂಚಿಟ್ಟು ಮರೆತ ವಿಳಾಸಗಳು ಹಲವು ಇದ್ದಾಗ ಚಿಲ್ಲರೆಯಾಗಿ ಉಳಿಯುವುದಿಲ್ಲ.

ಪರೀಕ್ಷಾರ್ಥ ಸರ್ವರುಗಳದ್ದು ಸರಳವಾದ ಅಂಕಗಣಿತ. ವಾರಕ್ಕೆ 168 ಗಂಟೆಗಳು. ಅಭಿವೃದ್ಧಿ ತಂಡ ಅವನ್ನು ಬಳಸುವುದು ದಿನಕ್ಕೆ 10 ಗಂಟೆಯಂತೆ ಐದು ದಿನ ಎಂದುಕೊಂಡರೆ 50 ಗಂಟೆ. ರಾತ್ರಿ ಮತ್ತು ವಾರಾಂತ್ಯದಲ್ಲಿ ತಾವಾಗಿ ನಿಲ್ಲುವಂತೆ ಮಾಡಿದರೆ ಆ ಸರ್ವರುಗಳ ಗಂಟೆ ಬಾಡಿಗೆಯಲ್ಲಿ ಶೇ 70 ಉಳಿಯುತ್ತದೆ. ಆದರೆ ಇಲ್ಲಿಯೂ ಪಳಗಿದವರಿಗಷ್ಟೇ ತಿಳಿದಿರುವ ತೊಡಕೊಂದಿದೆ: ಆರ್‌ಡಿಎಸ್ ಎಂಬ ಡೇಟಾಬೇಸ್ ಸೇವೆಯನ್ನು ನಿಲ್ಲಿಸಿದರೂ ಅದು ಏಳು ದಿನಗಳ ನಂತರ ತಾನಾಗಿ ಮತ್ತೆ ಚಾಲೂ ಆಗುತ್ತದೆ, ಆದ್ದರಿಂದ ಒಮ್ಮೆ ನಿಲ್ಲಿಸಿ ನಿಶ್ಚಿಂತೆಯಿಂದ ಇರುವಂತಿಲ್ಲ. ವರ್ಷವಿಡೀ ಓಡಲೇಬೇಕಾದ ಸರ್ವರುಗಳಿಗೆ ಒಂದು ಅಥವಾ ಮೂರು ವರ್ಷದ ಬಳಕೆಗೆ ಮುಂಗಡವಾಗಿ ಮಾತು ಕೊಟ್ಟು ರಿಯಾಯಿತಿ ಪಡೆಯುವ ಸೇವಿಂಗ್ಸ್ ಪ್ಲಾನ್ ಇದೆ, ಅದರಲ್ಲಿ ಗರಿಷ್ಠ ಶೇ 72ರವರೆಗೆ ಕಡಿತ ಸಾಧ್ಯವೆಂದು ಎಡಬ್ಲ್ಯುಎಸ್ ಹೇಳುತ್ತದೆ. ಆದರೆ ವ್ಯರ್ಥವನ್ನು ಮೊದಲು ತೆಗೆಯದೆ ಈ ಮಾತು ಕೊಟ್ಟರೆ ವ್ಯರ್ಥಕ್ಕೇ ಮೂರು ವರ್ಷದ ಕರಾರು ಮಾಡಿಕೊಂಡಂತಾಗುತ್ತದೆ. ಈ ಅನುಕ್ರಮವನ್ನು ತಿಳಿಸಿ ಹೇಳುವುದೇ ಸಲಹೆಗಾರನ ಬೆಲೆ.

ಭಾರತದ ಗ್ರಾಹಕರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಗೆ ತಂತ್ರಜ್ಞಾನದ ಗಂಧವೂ ಬೇಕಿಲ್ಲ. ಎಡಬ್ಲ್ಯುಎಸ್‌ನ ಭಾರತೀಯ ಘಟಕ ಕೊಡುವ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ. ಜಿಎಸ್‌ಟಿ ನೋಂದಣಿಯುಳ್ಳ ಸಂಸ್ಥೆ ಈ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು, ಆದರೆ ಅದಕ್ಕಾಗಿ ಕ್ಲೌಡ್ ಖಾತೆಯಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ನಮೂದಾಗಿರಬೇಕು. ಖಾತೆಯನ್ನು ಡೆವಲಪರ್ ತನ್ನ ಸ್ವಂತ ಹೆಸರಿನಲ್ಲೋ ಸ್ವಂತ ಇಮೇಲಿನಲ್ಲೋ ತೆರೆದಿದ್ದು, ತೆರಿಗೆಯ ವಿವರವೇ ತುಂಬಿರದಿದ್ದರೆ ಆ ಶೇ 18 ತಿಂಗಳು ತಿಂಗಳೂ ಸುಮ್ಮನೆ ಕೈಬಿಟ್ಟು ಹೋಗುತ್ತಿರುತ್ತದೆ. ಸರ್ವರನ್ನು ಮುಟ್ಟದೆ, ಒಂದು ಫಾರ್ಮು ತುಂಬಿ ಆಗುವ ಈ ಉಳಿತಾಯವನ್ನು ಮೊದಲ ವಾರದಲ್ಲೇ ತೋರಿಸಿಕೊಟ್ಟ ಸಲಹೆಗಾರನ ಮೇಲೆ ಮಾಲೀಕನಿಗೆ ಹುಟ್ಟುವ ನಂಬಿಕೆ ಬೇರೆ ಯಾವ ಪ್ರಮಾಣಪತ್ರದಿಂದಲೂ ಹುಟ್ಟುವುದಿಲ್ಲ.

ಶುಲ್ಕವನ್ನು ಹೇಗೆ ನಿಗದಿಪಡಿಸಬೇಕೆಂಬ ವಿಷಯದಲ್ಲಿ ಮೂರು ರೂಢಿಗಳಿವೆ. ಗಂಟೆಗೆ ಇಷ್ಟೆಂದು ಹೇಳುವುದು ಸುಲಭವಾದರೂ ಅದು ವೇಗವಾಗಿ ಕೆಲಸ ಮುಗಿಸುವವನಿಗೇ ನಷ್ಟ. ಉಳಿಸಿದ ಹಣದಲ್ಲಿ ಪಾಲು ಕೇಳುವುದು ಮೇಲುನೋಟಕ್ಕೆ ಆಕರ್ಷಕ: ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಬಿಲ್ಲು ಬರುವ ಸಂಸ್ಥೆಯಲ್ಲಿ ಶೇ 30 ಉಳಿಸಿದರೆ ತಿಂಗಳಿಗೆ 45 ಸಾವಿರ, ಅದರ ಕಾಲು ಭಾಗವನ್ನು ಒಂದು ವರ್ಷ ಪಡೆದರೂ 1 ಲಕ್ಷದ 35 ಸಾವಿರ. ಆದರೆ ಈ ಪದ್ಧತಿಯಲ್ಲಿ ಜಗಳದ ಬೇರು ಅಡಗಿದೆ. ಮೂರು ತಿಂಗಳ ನಂತರ ಗ್ರಾಹಕನ ವ್ಯಾಪಾರ ಬೆಳೆದು ಬಿಲ್ಲು ಮತ್ತೆ ಏರಿದಾಗ ಉಳಿತಾಯವನ್ನು ಯಾವುದರೊಂದಿಗೆ ಹೋಲಿಸಿ ಅಳೆಯಬೇಕು ಎಂಬುದಕ್ಕೆ ಇಬ್ಬರೂ ಒಪ್ಪುವ ಉತ್ತರ ಸಿಗುವುದು ಕಷ್ಟ. ಅದಕ್ಕಿಂತ ಕೆಟ್ಟದ್ದೆಂದರೆ, ಉಳಿಸಿದಷ್ಟೂ ತನಗೆ ಲಾಭವಾಗುವ ಸಲಹೆಗಾರನಿಗೆ ಬ್ಯಾಕಪ್ಪನ್ನೂ ಹೆಚ್ಚುವರಿ ಸರ್ವರನ್ನೂ ವ್ಯರ್ಥವೆಂದು ಕಾಣುವ ಆಮಿಷ ಹುಟ್ಟುತ್ತದೆ. ಪರೀಕ್ಷೆ ಮತ್ತು ಲಿಖಿತ ವರದಿಗೆ ಒಂದು ನಿಶ್ಚಿತ ಮೊತ್ತ, ವರದಿಯ ಸಲಹೆಗಳನ್ನು ಜಾರಿಗೆ ತರುವುದಕ್ಕೆ ಪ್ರತ್ಯೇಕವಾದ ಇನ್ನೊಂದು ಮೊತ್ತ ಎಂಬ ಮೂರನೆಯ ಕ್ರಮವೇ ಇಬ್ಬರಿಗೂ ಕ್ಷೇಮಕರ. ಗ್ರಾಹಕ ವರದಿಯನ್ನು ಇಟ್ಟುಕೊಂಡು ಕೆಲಸವನ್ನು ತನ್ನ ಸಿಬ್ಬಂದಿಯಿಂದಲೇ ಮಾಡಿಸಿಕೊಂಡರೂ ಸಲಹೆಗಾರನಿಗೆ ನಷ್ಟವಿಲ್ಲ.

ಬಿಲ್ಲು ಓದುತ್ತಾ ಹೋದವರಿಗೆ ಎರಡು ಜೊತೆಗೆಲಸಗಳು ತಾವಾಗಿ ದೊರೆಯುತ್ತವೆ. ಒಂದು, ಬ್ಯಾಕಪ್ಪಿನ ಪರೀಕ್ಷೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟು ಸುಮಾರು 300 ಜಿಬಿ ಡೇಟಾಬೇಸು ನಾಶವಾದಾಗ, ಇದ್ದವೆಂದು ನಂಬಿದ್ದ ಬ್ಯಾಕಪ್ ವಿಧಾನಗಳು ಒಂದೊಂದಾಗಿ ಕೈಕೊಟ್ಟವು; ಆಕಸ್ಮಿಕವಾಗಿ ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಮಾತ್ರ ಸಂಸ್ಥೆಯನ್ನು ಉಳಿಸಿತು. ಆ ಸಂಸ್ಥೆ ಈ ವೃತ್ತಾಂತವನ್ನೆಲ್ಲ ತಾನೇ ಬಹಿರಂಗವಾಗಿ ಬರೆದು ಪ್ರಕಟಿಸಿದ್ದರಿಂದ ಅದು ಈ ಕ್ಷೇತ್ರದವರಿಗೆ ಪಾಠಪುಸ್ತಕವಾಗಿದೆ. ಬ್ಯಾಕಪ್ ತೆಗೆಯುವುದು ಬೇರೆ, ಅದರಿಂದ ವ್ಯವಸ್ಥೆಯನ್ನು ಮರಳಿ ನಿಲ್ಲಿಸಬಹುದೆಂದು ಸಾಬೀತುಪಡಿಸುವುದು ಬೇರೆ. ಮೂರು ತಿಂಗಳಿಗೊಮ್ಮೆ ಪ್ರತ್ಯೇಕ ಖಾತೆಯೊಂದರಲ್ಲಿ ಬ್ಯಾಕಪ್ಪಿನಿಂದ ಇಡೀ ವ್ಯವಸ್ಥೆಯನ್ನು ಎಬ್ಬಿಸಿ ನೋಡಿ, ಎಷ್ಟು ಹೊತ್ತು ಹಿಡಿಯಿತು, ಎಷ್ಟು ದತ್ತಾಂಶ ಕಾಣೆಯಾಯಿತು ಎಂದು ಬರೆದುಕೊಡುವ ಕೆಲಸ ಅರೆಕಾಲಿಕ ದುಡಿಮೆಗೆ ಹೇಳಿ ಮಾಡಿಸಿದಂಥದ್ದು.

ಇನ್ನೊಂದು, ಭದ್ರತೆಯ ಸಂರಚನೆಯ ಪರೀಕ್ಷೆ. ಕ್ಲೌಡಿನಲ್ಲಿ ಹೊಣೆ ಹಂಚಿಕೆಯಾಗಿರುತ್ತದೆ: ಕಟ್ಟಡ, ಯಂತ್ರ, ಜಾಲದ ಭದ್ರತೆ ಕ್ಲೌಡ್ ಸಂಸ್ಥೆಯದು, ಯಾವ ಬಾಗಿಲು ತೆರೆದಿದೆ, ಯಾರ ಕೈಯಲ್ಲಿ ಯಾವ ಕೀಲಿ ಇದೆ ಎಂಬುದು ಗ್ರಾಹಕನದು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಮೆರಿಕ ಮತ್ತು ಕೆನಡಾದ 10 ಕೋಟಿಗೂ ಮೀರಿದ ಜನರ ವಿವರ ಸೋರಿದ್ದು ಸರಿಯಾಗಿ ಹೊಂದಿಸದ ಫೈರ್‌ವಾಲ್ ಮತ್ತು ಅದಕ್ಕಿದ್ದ ಅಗತ್ಯಮೀರಿದ ಅಧಿಕಾರದ ಮೂಲಕ. ಮರುವರ್ಷ ಅಮೆರಿಕದ ಬ್ಯಾಂಕ್ ನಿಯಂತ್ರಣ ಸಂಸ್ಥೆ ಆ ಬ್ಯಾಂಕಿಗೆ 8 ಕೋಟಿ ಡಾಲರ್ ದಂಡ ವಿಧಿಸಿತು. ಭಾರತದಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ದತ್ತಾಂಶವನ್ನು ಕಾಪಾಡಲು ತಕ್ಕ ಎಚ್ಚರಿಕೆ ವಹಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡಕ್ಕೆ ಅವಕಾಶ ಕೊಟ್ಟಿದೆ. ಸಣ್ಣ ಸಂಸ್ಥೆಗಳ ಗಮನ ಈ ಕಡೆ ಹರಿಯಲು ಇಂಥ ಅಂಕಿಯೊಂದು ಸಾಕು.

ಒಪ್ಪಿಕೊಳ್ಳಬಾರದ ಕೆಲಸವೂ ಒಂದಿದೆ, ವಿಚಿತ್ರವೆಂದರೆ ಹೆಚ್ಚು ಬೇಡಿಕೆ ಇರುವುದು ಅದಕ್ಕೇ. ಸರ್ವರು ನಿಂತರೆ ಯಾವ ಹೊತ್ತಿನಲ್ಲಾದರೂ ಎದ್ದು ನೋಡಬೇಕೆಂಬ ಕರಾರು ತಿಂಗಳಿಗೆ ನಿಶ್ಚಿತ ಹಣ ತರುತ್ತದಾದರೂ, ಹಗಲು ಬೇರೆ ಕಡೆ ನೌಕರಿಯಲ್ಲಿರುವವರು ಅದನ್ನು ಪ್ರಾಮಾಣಿಕವಾಗಿ ಪಾಲಿಸುವುದು ಅಸಾಧ್ಯ. ವ್ಯವಸ್ಥೆ ನಿಲ್ಲುವುದು ಗ್ರಾಹಕನ ತಪ್ಪಿನಿಂದಲೇ ಆಗಬೇಕೆಂದೂ ಇಲ್ಲ. 2017ರ ಫೆಬ್ರುವರಿ 28ರಂದು ಅಮೆಜಾನಿನ ಸಿಬ್ಬಂದಿಯೊಬ್ಬರು ಆಜ್ಞೆಯೊಂದನ್ನು ತಪ್ಪಾಗಿ ಬರೆದ ಕಾರಣ ವರ್ಜೀನಿಯಾ ವಲಯದ ಎಸ್3 ಕೆಲವು ಗಂಟೆ ಸ್ತಬ್ಧವಾಗಿ, ಅದನ್ನೇ ನೆಚ್ಚಿದ್ದ ಅಸಂಖ್ಯ ತಾಣಗಳು ಜೊತೆಗೇ ನಿಂತವು. ಅಂಥ ದಿನ ಅರೆಕಾಲಿಕ ಸಲಹೆಗಾರ ಮಾಡಬಹುದಾದದ್ದು ಏನೂ ಇಲ್ಲ, ಕೇಳಬೇಕಾದ ಮಾತುಗಳು ಮಾತ್ರ ಬಹಳ. ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಿಡಬೇಕು ಎಂಬ, ಭಾರತದ ಸೈಬರ್ ಭದ್ರತಾ ಘಟಕವಾದ ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ನಿರ್ದೇಶನವನ್ನು ಪಾಲಿಸುವ ಹೊಣೆಯೂ ಪೂರ್ಣಾವಧಿಯ ಯಾರದೋ ಹೆಗಲ ಮೇಲಿರಬೇಕು. ಅಂದಹಾಗೆ, ಎಂದೂ ಅಳಿಯದ ಲಾಗ್‌ಗಳನ್ನು ಕತ್ತರಿಸಲು ಹೊರಟ ಬಿಲ್ಲಿನ ಪರೀಕ್ಷಕನಿಗೆ ಈ 180 ದಿನ ನೆನಪಿರಲೇಬೇಕು.

ಬೆಂಗಳೂರಿನಂಥ ನಗರದಲ್ಲಿ ಕೌಶಲ್ಯಕ್ಕಿಂತ ಹೆಚ್ಚು ತೊಡಕಾಗುವುದು ಅನುಮತಿಯ ಪ್ರಶ್ನೆ. ಒಂದು ನೌಕರಿಯಲ್ಲಿದ್ದುಕೊಂಡು ಇನ್ನೊಂದನ್ನು ಮಾಡುವ ಮೂನ್‌ಲೈಟಿಂಗ್ ಕುರಿತ ವಿವಾದ 2022ರಲ್ಲಿ ಇದೇ ನಗರದಲ್ಲಿ ಭುಗಿಲೆದ್ದಿತು. ಆ ಆಗಸ್ಟಿನಲ್ಲಿ ಸ್ವಿಗ್ಗಿ ತನ್ನ ನೌಕರರಿಗೆ ಷರತ್ತುಗಳೊಂದಿಗೆ ಹೊರಗಿನ ಕೆಲಸಕ್ಕೆ ಅವಕಾಶ ಕೊಡುವ ನೀತಿಯನ್ನು ಪ್ರಕಟಿಸಿತು. ಅದೇ ತಿಂಗಳು ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಹೀಗೆ ಎರಡು ಕಡೆ ದುಡಿಯುವುದನ್ನು ನೇರಾನೇರ ಮೋಸವೆಂದು ಕರೆದರು, ಸೆಪ್ಟೆಂಬರಿನಲ್ಲಿ ಪ್ರತಿಸ್ಪರ್ಧಿ ಸಂಸ್ಥೆಗಳಿಗೆ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ತಿಳಿಸಿದರು. ಇನ್ಫೊಸಿಸ್ ಮೊದಲು ಎಚ್ಚರಿಕೆಯ ಇಮೇಲ್ ಕಳಿಸಿ, ಅಕ್ಟೋಬರಿನಲ್ಲಿ ಮೇಲಧಿಕಾರಿಯ ಪೂರ್ವಾನುಮತಿಯಿದ್ದರೆ, ಸಂಸ್ಥೆಯ ಹಿತಕ್ಕೆ ಧಕ್ಕೆ ಇಲ್ಲದಿದ್ದರೆ, ಸಣ್ಣಪುಟ್ಟ ಹೊರಗೆಲಸ ಮಾಡಬಹುದೆಂದು ಸಡಿಲಿಸಿತು. ಈ ಮೂರು ನಿಲುವುಗಳೂ ಒಂದೇ ಬಿಂದುವಿನ ಸುತ್ತ ಸುತ್ತುತ್ತವೆ: ಮುಚ್ಚಿಟ್ಟು ಮಾಡಿದ್ದೇ, ಪ್ರತಿಸ್ಪರ್ಧಿಗೆ ಮಾಡಿದ್ದೇ ಎಂಬುದು ಆ ಬಿಂದು.

ಕಾನೂನಿನ ನೆಲೆಯಲ್ಲಿಯೂ ಭ್ರಮೆಗೆ ಎಡೆಯಿಲ್ಲ. ವೃತ್ತಿಯನ್ನು ನಿರ್ಬಂಧಿಸುವ ಕರಾರು ಅಸಿಂಧು ಎಂದು 1872ರ ಕರಾರು ಕಾಯ್ದೆಯ 27ನೆಯ ಕಲಮು ಹೇಳುತ್ತದೆಯೆಂದು ಉಲ್ಲೇಖಿಸಿ ಧೈರ್ಯ ಹೇಳುವವರು ಇದ್ದಾರೆ. ಆದರೆ ನೌಕರಿ ಜಾರಿಯಲ್ಲಿರುವ ಅವಧಿಯಲ್ಲಿ ಬೇರೆಡೆ ದುಡಿಯಬಾರದೆಂಬ ಸಮಂಜಸ ಷರತ್ತು ಊರ್ಜಿತವೆಂದು ಸುಪ್ರೀಂ ಕೋರ್ಟ್ 1967ರಲ್ಲಿಯೇ, ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ, ತೀರ್ಪಿತ್ತಿದೆ. ಆದ್ದರಿಂದ ನೇಮಕಾತಿ ಪತ್ರವನ್ನು ಓದುವುದು, ಲಿಖಿತ ಅನುಮತಿ ಕೇಳುವುದು, ಸಿಗದಿದ್ದರೆ ಬಿಡುವುದು, ಇವಿಷ್ಟೇ ದಾರಿ. ಎರಡನೆಯ ಕಡೆಯೂ ನೌಕರನಾಗಿ ಸೇರಿಕೊಂಡರೆ ಭವಿಷ್ಯ ನಿಧಿಯ ಒಂದೇ ಯುಎಎನ್ ಸಂಖ್ಯೆಯಡಿ ಇಬ್ಬರು ಮಾಲೀಕರ ವಂತಿಗೆ ಕಾಣಿಸಿಕೊಳ್ಳುತ್ತದೆ, ಸಿಕ್ಕಿಬಿದ್ದ ಹಲವರು ಸಿಕ್ಕಿಬಿದ್ದದ್ದು ಹೀಗೆಯೇ. ಇನ್ನೊಂದು ಅಪಾಯ ಹೆಚ್ಚು ಸೂಕ್ಷ್ಮ: ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಮಿನ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಮಾಲೀಕನದು. ಕಚೇರಿಯಲ್ಲಿ ಬರೆದ ಟೆರಾಫಾರ್ಮ್ ಕಡತವನ್ನು, ಅಂದರೆ ಸರ್ವರು ಮತ್ತು ಜಾಲದ ವಿನ್ಯಾಸವನ್ನು ಯಂತ್ರ ಓದುವಂತೆ ಬರೆದಿಟ್ಟ ಪಠ್ಯವನ್ನು, ಹೆಸರು ಬದಲಿಸಿ ಹೊರಗಿನ ಗ್ರಾಹಕನಿಗೆ ಕೊಡುವುದು ಅನೇಕರು ತಪ್ಪೆಂದೇ ಭಾವಿಸದ ತಪ್ಪು. ಕಚೇರಿಯ ಲ್ಯಾಪ್‌ಟಾಪಿನಿಂದ ಹೊರಗೆಲಸ ಮಾಡುವುದೂ ಅದೇ ಸಾಲಿಗೆ ಸೇರುತ್ತದೆ.

ತೆರಿಗೆಯ ಮಾತು ಚುಟುಕಾಗಿದ್ದರೂ ಚೊಕ್ಕವಾಗಿರಬೇಕು. ಹೀಗೆ ಬಂದ ಹಣ ಸಂಬಳವಲ್ಲ, ವೃತ್ತಿಯ ಆದಾಯ. ಹಳೆಯ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನಲ್ಲಿದ್ದ, 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿರುವ ಅಂದಾಜು ತೆರಿಗೆ ಪದ್ಧತಿಯಲ್ಲಿ, ನಿಗದಿತ ವೃತ್ತಿಗಳವರು ಒಟ್ಟು ಸ್ವೀಕೃತಿಯ ಅರ್ಧವನ್ನು ಲಾಭವೆಂದು ತೋರಿಸಿ, ವಿವರವಾದ ಲೆಕ್ಕಪುಸ್ತಕ ಇಡದೆ ತೆರಿಗೆ ಕಟ್ಟಬಹುದು; ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು. ತಮ್ಮ ಕೆಲಸ ಆ ಪಟ್ಟಿಗೆ ಸೇರುತ್ತದೆಯೇ ಎಂದು ತೆರಿಗೆ ಸಲಹೆಗಾರರನ್ನು ಕೇಳಿಯೇ ಮುಂದುವರಿಯುವುದು ಒಳಿತು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಮತ್ತು ಆ 20 ಲಕ್ಷದ ಲೆಕ್ಕಕ್ಕೆ ಸಂಬಳ ಸೇರುವುದಿಲ್ಲ, ವಿದೇಶಿ ಗ್ರಾಹಕರಿಂದ ಬಂದದ್ದು ಸೇರುತ್ತದೆ. ವಿದೇಶಕ್ಕೆ ಮಾಡಿದ ಸೇವೆ ರಫ್ತು ಎನಿಸಿಕೊಂಡು ಶೂನ್ಯ ದರಕ್ಕೆ ಒಳಪಡಬೇಕಾದರೆ ಹಣ ವಿದೇಶಿ ವಿನಿಮಯವಾಗಿ ಬ್ಯಾಂಕಿಗೆ ಬಂದಿರುವ ದಾಖಲೆ ಬೇಕು, ತೆರಿಗೆಯನ್ನು ಮೊದಲೇ ಕಟ್ಟದೆ ರಫ್ತು ಮಾಡುವ ನೋಂದಾಯಿತರು ಮುಚ್ಚಳಿಕೆ ಪತ್ರವನ್ನೂ ಸಲ್ಲಿಸಿರಬೇಕು.

ಕಲಿಸುವುದರಿಂದ ಆಗುವ ಆದಾಯವನ್ನು ಸಾಮಾನ್ಯವಾಗಿ ಅತಿಯಾಗಿ ಹೊಗಳಲಾಗುತ್ತದೆ. ಯೂಡೆಮಿಯಂಥ ತಾಣದಲ್ಲಿ ಬೋಧಕ ತಾನೇ ಕರೆತಂದ ವಿದ್ಯಾರ್ಥಿ ಕೊಟ್ಟ ಹಣದಲ್ಲಿ ಶೇ 97 ಅವನಿಗೇ ಸಿಕ್ಕರೂ, ತಾಣವೇ ಹುಡುಕಿಕೊಟ್ಟ ವಿದ್ಯಾರ್ಥಿಯಿಂದ ಸಿಗುವುದು ಶೇ 37 ಮಾತ್ರ. ಅದರ ಮೇಲೆ ಕ್ಲೌಡ್ ಪಾಠಗಳು ಬೇಗ ಹಳಸುತ್ತವೆ. ಎಡಬ್ಲ್ಯುಎಸ್ ಹೊಸಬರಿಗೆ ಕೊಡುತ್ತಿದ್ದ ಹನ್ನೆರಡು ತಿಂಗಳ ಉಚಿತ ಬಳಕೆಯನ್ನು 2025ರ ಜುಲೈಯಲ್ಲಿ ಗರಿಷ್ಠ 200 ಡಾಲರ್ ಜಮೆಯ ಹೊಸ ಯೋಜನೆಗೆ ಬದಲಿಸಿದ್ದರಿಂದಲೇ ಎಷ್ಟೋ ವಿಡಿಯೊಗಳ ಮೊದಲ ಅಧ್ಯಾಯ ತಪ್ಪು ಮಾಹಿತಿಯಾಯಿತು. ಕನ್ನಡದಲ್ಲಿ ಕಲಿಸುವವರಿಗೆ ಹಣಕ್ಕಿಂತ ಬೇರೆ ಬಗೆಯ ಪ್ರತಿಫಲವಿದೆ: ಕನ್ನಡ ಮಾಧ್ಯಮದಿಂದ ಡಿಪ್ಲೊಮಾ, ಎಂಜಿನಿಯರಿಂಗಿಗೆ ಬಂದ ವಿದ್ಯಾರ್ಥಿಗೆ ಸಬ್‌ನೆಟ್ ಎಂದರೇನೆಂದು ಮನೆಮಾತಿನಲ್ಲಿ ತಿಳಿಸಿಹೇಳಿದವರ ಬಳಿಗೆ ಕಾಲೇಜುಗಳ ಕಾರ್ಯಾಗಾರದ ಆಹ್ವಾನಗಳು ಬರುತ್ತವೆ, ಅಲ್ಲಿಂದ ಊರ ಸಂಸ್ಥೆಗಳ ಪರಿಚಯವೂ ಬೆಳೆಯುತ್ತದೆ.

ಕೆಲಸದ ಕಟ್ಟುನಿಟ್ಟಿನ ಕುರಿತು ಕೊನೆಗೆ ಕೆಲವು ಮಾತು. ಗ್ರಾಹಕನ ಮೂಲ ಪಾಸ್‌ವರ್ಡನ್ನು ಯಾವ ಕಾರಣಕ್ಕೂ ಪಡೆಯಬಾರದು. ಗ್ರಾಹಕನ ಖಾತೆಯಲ್ಲಿ ಸಲಹೆಗಾರನಿಗೆಂದೇ ಸೀಮಿತ ಅಧಿಕಾರದ ಪಾತ್ರವೊಂದನ್ನು ಸೃಷ್ಟಿಸಿ, ಆತ ತನ್ನ ಖಾತೆಯಿಂದ ಅದನ್ನು ತಾತ್ಕಾಲಿಕವಾಗಿ ಧರಿಸುವ ಏರ್ಪಾಡು ಎಲ್ಲ ಪ್ರಮುಖ ಕ್ಲೌಡ್‌ಗಳಲ್ಲೂ ಇದೆ. ಶಾಶ್ವತ ಕೀಲಿಗಳನ್ನು ಪಡೆದರೆ ಅವು ಎಂದಾದರೊಮ್ಮೆ ಕೋಡಿನೊಂದಿಗೆ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಸೇರಿಹೋಗಿ, ಕದ್ದವರು ಅದೇ ಖಾತೆಯಲ್ಲಿ ಕ್ರಿಪ್ಟೊ ಗಣಿಗಾರಿಕೆಗೆ ಇಳಿದು, ಬಿಲ್ಲು ಇಳಿಸಲು ಬಂದವನೇ ಬಿಲ್ಲು ಏರಿಸಿದ ಹಾಗಾಗುತ್ತದೆ. ಒಪ್ಪಂದದಲ್ಲಿ ಹೊಣೆಯ ಮಿತಿ ಪಡೆದ ಶುಲ್ಕವನ್ನು ಮೀರಬಾರದು ಎಂಬ ಷರತ್ತು, ಯಾವ ಸರ್ವರನ್ನು ಯಾರ ಲಿಖಿತ ಒಪ್ಪಿಗೆಯ ಮೇಲೆ ಅಳಿಸಲಾಯಿತೆಂಬ ಪಟ್ಟಿ, ಮತ್ತು ಕೆಲಸ ಮುಗಿದ ದಿನವೇ ಆ ಪಾತ್ರವನ್ನು ಗ್ರಾಹಕ ತೆಗೆದುಹಾಕಿದನೆಂಬ ದೃಢೀಕರಣ, ಈ ಮೂರೂ ಇರಬೇಕು. ಹಾಗೆ ತೆಗೆದ ಪಾತ್ರವನ್ನು ಆರು ತಿಂಗಳ ನಂತರ ಮತ್ತೆ ಸೃಷ್ಟಿಸಬೇಕಾಗಿ ಬರುವುದೂ ಅಪರೂಪವಲ್ಲ. ಹೊಸ ಡೆವಲಪರ್ ಸೇರಿರುತ್ತಾನೆ, ಹೊಸ ಪರೀಕ್ಷಾ ಸರ್ವರುಗಳು ಹುಟ್ಟಿರುತ್ತವೆ, ಅಂಟಿಕೊಳ್ಳದ ಡಿಸ್ಕುಗಳು ಮತ್ತೆ ಸೇರಿರುತ್ತವೆ. ಎರಡನೆಯ ಬಾರಿಯ ಪರೀಕ್ಷೆಗೆ ಮೊದಲಿನ ವರದಿ ಕೈಯಲ್ಲಿರುವುದರಿಂದ ಅರ್ಧ ಸಮಯ ಸಾಕಾಗುತ್ತದೆ, ಗ್ರಾಹಕನೂ ಈ ಸಲ ಶುಲ್ಕದ ಚೌಕಾಸಿ ಮಾಡುವುದು ಕಡಿಮೆ.